ಟಿಜಿ-6 ಕೈಯಲ್ಲಿದೆ, ಮುಂದೆ ಯಾವುದಕ್ಕೆ ದುಡ್ಡು ಹಾಕಲಿ? (ನೀರೊಳಗಿನ ಫೋಟೋಗ್ರಫಿ)

ಕಡಲಾಚೆ (ಬೆಂಗಳೂರು):

ಎಲ್ಲರಿಗೂ ನಮಸ್ಕಾರ. ನೀರೊಳಗೆ ಫೋಟೋ ತೆಗೆಯುವವರು ಇಲ್ಲಿ ಸುಮಾರು ಜನ ಇದ್ದೀರಿ ಅಂತ ಗೊತ್ತು, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನನ್ನ ಹತ್ತಿರ ಒಲಿಂಪಸ್ ಟಿಜಿ-6 ಕ್ಯಾಮೆರಾ ಇದೆ, ಜೊತೆಗೆ ಅದರದ್ದೇ ಪಿಟಿ-059 ಹೌಸಿಂಗ್ (ಕ್ಯಾಮೆರಾ ಕೂರಿಸುವ, ನೀರು ನುಗ್ಗದ ಪೆಟ್ಟಿಗೆ). ಬೇರೆ ಲೈಟು ಏನೂ ಇಲ್ಲ. ಸ್ಕೂಬಾ ಡೈವಿಂಗ್‌ನ ಅಡ್ವಾನ್ಸ್ಡ್ ಓಪನ್ ವಾಟರ್ ಕೋರ್ಸ್ ಮುಗಿಸಿದ್ದೇನೆ. ಜಾಸ್ತಿ ಇಳಿದಿರುವುದು ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ. ಅಂಡಮಾನಿನ ಹ್ಯಾವ್‌ಲಾಕ್‌ಗೂ (ಈಗಿನ ಹೆಸರು ಸ್ವರಾಜ್ ದ್ವೀಪ) ಹೋಗಿಬಂದಿದ್ದೇನೆ, ಈ ವರ್ಷ ಮತ್ತೆ ಹೋಗುವ ಯೋಚನೆ ಇದೆ.

ಎರಡು ಫೋಟೋ ಹಾಕಿದ್ದೇನೆ, ನೋಡಿ. ಮೊದಲನೆಯದು ಗಿಳಿಮೀನು. ಆಳ 12 ಮೀಟರ್, ಮೀನು ನನ್ನಿಂದ ಮೂರು ಮೀಟರ್ ದೂರ ಇತ್ತು. ಫೋಟೋದಲ್ಲಿ ಮೀನು, ಬಂಡೆ, ನೀರು ಎಲ್ಲಾ ಒಂದೇ ಬಣ್ಣ, ಬೂದಿ ಕಲಸಿದ ಹಸಿರು. ಎರಡನೆಯದು ಬಂಡೆಯ ಸಂದಿಯಲ್ಲಿದ್ದ ಲಯನ್‌ಫಿಶ್. ಕ್ಯಾಮೆರಾದ ಫ್ಲ್ಯಾಶ್ ಹಾಕಿ ತೆಗೆದೆ. ಮೀನಿಗೆ ಸ್ವಲ್ಪ ಬಣ್ಣ ಬಂದಿದೆ, ಆದರೆ ಫೋಟೋ ತುಂಬಾ ಬಿಳಿ ಚುಕ್ಕೆ.

ಸುಮಾರು ಒಂದೂವರೆ ಲಕ್ಷ ಕೂಡಿಟ್ಟಿದ್ದೇನೆ. ಸೆಕೆಂಡ್ ಹ್ಯಾಂಡ್ ಮಿರರ್‌ಲೆಸ್ ಕ್ಯಾಮೆರಾ (ಲೆನ್ಸ್ ಬದಲಿಸಬಹುದಾದ ದೊಡ್ಡದು) ಮತ್ತು ಅದಕ್ಕೊಂದು ಹೌಸಿಂಗ್ ತಗೊಳ್ಳಲಾ? ಈ ಕ್ಯಾಮೆರಾಕ್ಕೇ ಒಂದು ಸ್ಟ್ರೋಬ್ (ಹೊರಗಿನಿಂದ ಜೋಡಿಸುವ ಫ್ಲ್ಯಾಶ್) ಸೇರಿಸಲಾ? ಇಲ್ಲಾ ದುಡ್ಡನ್ನು ಕೋರ್ಸಿಗೆ, ಡೈವಿಗೆ ಹಾಕಲಾ? ನಮ್ಮ ಕರಾವಳಿಯ ನೀರು ಗೊತ್ತಿರುವವರು ಹೇಳಿದರೆ ಉಪಕಾರ. ಹೊರದೇಶದ ವಿಡಿಯೋಗಳಲ್ಲಿ ಎಲ್ಲರೂ 30 ಮೀಟರ್ ಕಾಣುವ ನೀರಿನ ಲೆಕ್ಕದಲ್ಲೇ ಮಾತಾಡುತ್ತಾರೆ.

ಬೆಳಕಿನಬೇಟೆ:

ಕ್ಯಾಮೆರಾ ಬದಲಿಸಬೇಡಿ. ಈಗಲಂತೂ ಬೇಡ.

ನಿಮ್ಮ ಗಿಳಿಮೀನನ್ನೇ ತೆಗೆದುಕೊಳ್ಳೋಣ. ನೀರು ಬಣ್ಣಗಳನ್ನು ಒಂದೊಂದಾಗಿ ನುಂಗುತ್ತದೆ. ಮೊದಲು ಹೋಗುವುದು ಕೆಂಪು. ಐದಾರು ಮೀಟರ್ ಆಗುವಷ್ಟರಲ್ಲೇ ಅದರ ಬಹುಪಾಲು ಮುಗಿದಿರುತ್ತದೆ. ಆಮೇಲೆ ಕಿತ್ತಳೆ, ಆಮೇಲೆ ಹಳದಿ. ಕೊನೆಗೆ ಹಸಿರು, ನೀಲಿ ಉಳಿಯುತ್ತವೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಬಹಳ ಜನ ಆಳವನ್ನು ಮಾತ್ರ ಲೆಕ್ಕ ಹಾಕುತ್ತಾರೆ. ಲೆಕ್ಕ ಹಾಕಬೇಕಾದದ್ದು ಬೆಳಕು ನೀರಿನಲ್ಲಿ ಸಾಗಿದ ಇಡೀ ದಾರಿಯನ್ನು. ನೀರಿನ ಮೇಲ್ಮೈಯಿಂದ ಮೀನಿನವರೆಗೆ 12 ಮೀಟರ್, ಮೀನಿನಿಂದ ನಿಮ್ಮ ಲೆನ್ಸ್‌ವರೆಗೆ 3 ಮೀಟರ್, ಒಟ್ಟು 15. ಎಷ್ಟೇ ದುಬಾರಿ ಕ್ಯಾಮೆರಾ ತಂದರೂ ಆ 15 ಮೀಟರ್ ನೀರು ಅಲ್ಲೇ ಇರುತ್ತದೆ. ಅದೇ ಮೀನಿಗೆ ಅರ್ಧ ಮೀಟರ್ ಹತ್ತಿರ ಹೋಗಿ ಸ್ಟ್ರೋಬ್ ಹೊಡೆದರೆ ಬೆಳಕು ಅರ್ಧ ಮೀಟರ್ ಹೋಗಿ ಅರ್ಧ ಮೀಟರ್ ವಾಪಸ್ ಬರುತ್ತದೆ. ಒಟ್ಟು ಒಂದೇ ಮೀಟರ್. ಗಿಳಿಮೀನಿನ ಕೆನ್ನೆ ಮೇಲಿನ ಗುಲಾಬಿ ಗೆರೆ ಕೂಡ ಬರುತ್ತದೆ.

ಇನ್ನು ಆ ಬಿಳಿ ಚುಕ್ಕೆ. ಅದು ಬ್ಯಾಕ್‌ಸ್ಕ್ಯಾಟರ್. ನೀರಿನಲ್ಲಿ ತೇಲುವ ಮರಳಿನ ಕಣ, ಪ್ಲವಕ, ಕಸ. ನಿಮ್ಮ ಕ್ಯಾಮೆರಾದ ಫ್ಲ್ಯಾಶ್ ಲೆನ್ಸ್‌ನ ಪಕ್ಕದಲ್ಲೇ ಇದೆ. ಅದು ಮುಂದಿರುವ ಕಣಗಳಿಗೆ ನೇರವಾಗಿ ಬಡಿದು ನೇರವಾಗಿ ಲೆನ್ಸ್‌ಗೇ ವಾಪಸ್ ಬರುತ್ತದೆ. ಆಗುಂಬೆ ಘಾಟಿಯ ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಎದ್ದು ನಿಲ್ಲುತ್ತದಲ್ವಾ, ಅದೇ ಕಥೆ. ಬೆಳಕಿನ ಮೂಲವನ್ನು ಲೆನ್ಸ್‌ನಿಂದ ದೂರ ಒಯ್ಯುವುದೇ ಇದಕ್ಕೆ ಮದ್ದು. ಅದಕ್ಕೇ ತೋಳಿನ ಮೇಲೆ ಕೂರಿಸುವ ಸ್ಟ್ರೋಬ್ ಬೇಕು.

ನನ್ನನ್ನು ಕೇಳಿದರೆ ಮೊದಲು ಒಂದು ಒಳ್ಳೆಯ ಸ್ಟ್ರೋಬ್, ಹೌಸಿಂಗ್ ಕೂರಿಸುವ ಟ್ರೇ, ತೋಳು, ಕ್ಯಾಮೆರಾದಿಂದ ಸ್ಟ್ರೋಬ್‌ಗೆ ಫೈಬರ್ ಕೇಬಲ್. ಆಮೇಲೆ ಒಂದು ವೈಡ್ ವೆಟ್ ಲೆನ್ಸ್ (ಹೌಸಿಂಗ್‌ನ ಹೊರಗೆ ಸಿಕ್ಕಿಸುವ, ಅಗಲ ನೋಟದ ಲೆನ್ಸ್). ಕ್ಯಾಮೆರಾ ಕೊನೆಗೆ. ಯಾಕೆಂದರೆ ಹೌಸಿಂಗ್ ಸಾಮಾನ್ಯವಾಗಿ ಒಂದೇ ಮಾಡೆಲ್‌ಗೆ ಆಗುತ್ತದೆ, ಕ್ಯಾಮೆರಾ ಬದಲಾದರೆ ಹೌಸಿಂಗ್ ಕಪಾಟು ಸೇರುತ್ತದೆ. ಸ್ಟ್ರೋಬ್, ತೋಳು, ಕ್ಲ್ಯಾಂಪ್ ನಾಳೆ ಯಾವ ಕ್ಯಾಮೆರಾ ತಗೊಂಡರೂ ಜೊತೆಗೆ ಬರುತ್ತವೆ. 67 ಮಿಲಿಮೀಟರ್ ತ್ರೆಡ್‌ನ ವೆಟ್ ಲೆನ್ಸ್ ಕೂಡ ಅಡಾಪ್ಟರ್ ಹಾಕಿದರೆ ಸಾಕಷ್ಟು ಹೌಸಿಂಗ್‌ಗಳಿಗೆ ಕೂರುತ್ತದೆ.

ಉಪ್ಪುನೀರು (ಮುರ್ಡೇಶ್ವರ):

ಬೆಳಕಿನಬೇಟೆಯವರು ಹೇಳಿದ್ದು ಸರಿಯೇ. ಆದರೆ ಸ್ಟ್ರೋಬ್‌ಗಿಂತ ಮೊದಲು ಒಂದು ವಿಷಯ ಇದೆ ಮಾರಾಯ್ರೆ. ಅರ್ಧ ಮೀಟರ್ ಹತ್ತಿರ ಹೋಗಿ ಅಂದರಲ್ಲ, ಹೋಗಿ ಅಲ್ಲಿ ನಿಲ್ಲಲಿಕ್ಕೆ ಬರಬೇಕಲ್ಲ?

ಸೀಸನ್ ಪೂರ್ತಿ ನಾನು ದೋಣಿ ಮೇಲೆ ಇರುತ್ತೇನೆ. ಕ್ಯಾಮೆರಾ ಹಿಡಿದವರನ್ನು ದೂರದಿಂದಲೇ ಗುರುತಿಸಬಹುದು. ಕಾಲು ಕೆಳಗೆ, ತಲೆ ಮೇಲೆ, ಫಿನ್ ಬಡಿದು ಬಡಿದು ಹಿಂದೆ ಕೆಸರಿನ ಮೋಡ. ಅವರ ಫೋಟೋದ ಬಿಳಿ ಚುಕ್ಕೆಯಲ್ಲಿ ಅರ್ಧ ಅವರೇ ಎಬ್ಬಿಸಿದ್ದು. ಒಂದು ಕೈಯಲ್ಲಿ ಬಂಡೆ ಹಿಡಿದು ಇನ್ನೊಂದು ಕೈಯಲ್ಲಿ ಕ್ಲಿಕ್ ಮಾಡುವವರೂ ಇದ್ದಾರೆ. ಆ ಬಂಡೆ ಮೇಲೆ ಹವಳ ಇರುತ್ತದೆ, ಮುಳ್ಳಿನ ಕಡಲ ಚೆಂಡು ಇರುತ್ತದೆ, ಬಂಡೆಯ ಹಾಗೇ ಕಾಣುವ ಸ್ಟೋನ್‌ಫಿಶ್ ಕೂಡ ಇರಬಹುದು. ಅದರ ಮುಳ್ಳಿನಲ್ಲಿ ವಿಷ ಇದೆ.

ನಿಮಗೊಂದು ಪರೀಕ್ಷೆ. ಡೈವ್ ಕೊನೆಗೆ 5 ಮೀಟರ್‌ನಲ್ಲಿ ಮೂರು ನಿಮಿಷ ಸೇಫ್ಟಿ ಸ್ಟಾಪ್ ಮಾಡುತ್ತೀರಲ್ಲ, ಆಗ ಹಗ್ಗ ಹಿಡಿಯಬೇಡಿ. ಕ್ಯಾಮೆರಾ ಸ್ಕ್ರೀನ್ ನೋಡುತ್ತಾ ಮೆನು ಬದಲಿಸುತ್ತಾ ನಿಲ್ಲಿ. ಮೂರು ನಿಮಿಷ ಕಳೆದ ಮೇಲೂ ಅದೇ ಆಳದಲ್ಲಿ ಇದ್ದರೆ ಸ್ಟ್ರೋಬ್ ತಗೊಳ್ಳಿ. ಒಂದು ಮೀಟರ್ ಮೇಲೆ ಕೆಳಗೆ ಆಗುತ್ತಿದ್ದರೆ ಮೊದಲು ಬೋಯನ್ಸಿ (ಮೇಲೇರದೆ, ಕೆಳಗಿಳಿಯದೆ ತೇಲಿ ನಿಲ್ಲುವ ಹದ) ಸರಿ ಮಾಡಿಕೊಳ್ಳಿ. ಡೈವಿಂಗ್ ಕಲಿಸುವ ಸಂಸ್ಥೆ ಪಾಡಿಯವರದ್ದೇ ಪೀಕ್ ಪರ್ಫಾರ್ಮೆನ್ಸ್ ಬೋಯನ್ಸಿ ಅಂತ ಕೋರ್ಸ್ ಇದೆ. ಕೋರ್ಸ್ ಬೇಡ ಅಂದರೆ ಒಂದು ಇಡೀ ಡೈವ್ ಕ್ಯಾಮೆರಾ ಇಲ್ಲದೆ ಇಳಿದು ಸೀಸದ ತೂಕ ಎಷ್ಟು ಬೇಕು ಅಂತ ನಿಮ್ಮ ಇನ್‌ಸ್ಟ್ರಕ್ಟರ್ ಜೊತೆ ಕೂತು ಸರಿ ಮಾಡಿಕೊಳ್ಳಿ. ನಾನು ನೋಡಿದ ಹಾಗೆ ಬಹಳ ಜನ ತೂಕ ಜಾಸ್ತಿ ಕಟ್ಟಿಕೊಂಡು ಇಳಿಯುತ್ತಾರೆ. ಕಾಲನ್ನು ಕಪ್ಪೆಯ ಹಾಗೆ ಬೀಸುವ ಫ್ರಾಗ್ ಕಿಕ್ ಕಲಿಯಿರಿ. ಅದು ನೀರನ್ನು ಹಿಂದಕ್ಕೆ ತಳ್ಳುತ್ತದೆ, ಕೆಳಕ್ಕಲ್ಲ. ಹಿಂದಕ್ಕೆ ಹೋಗುವ ಕಿಕ್ ಕೂಡ ಕಲಿತರೆ ಫೋಟೋ ತೆಗೆದ ಮೇಲೆ ಹವಳಕ್ಕೆ ತಾಗದೆ ಹೊರಗೆ ಬರಬಹುದು.

ಮತ್ತೊಂದು. ಕೈ ಅಲುಗಬಾರದು ಅಂತ ಉಸಿರು ಬಿಗಿಹಿಡಿಯುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಉಸಿರು ಹಿಡಿದು ಸ್ವಲ್ಪ ಮೇಲೆ ಬಂದರೂ ಶ್ವಾಸಕೋಶಕ್ಕೆ ಪೆಟ್ಟಾಗಬಹುದು. ನಿಧಾನವಾಗಿ ಉಸಿರು ಬಿಡುತ್ತಾ ಕ್ಲಿಕ್ ಮಾಡಿ. ಸ್ಕ್ರೀನ್ ನೋಡುವಷ್ಟೇ ಸಲ ಗಾಳಿಯ ಗೇಜ್ ಕೂಡ ನೋಡಿ.

ಹೊಸ_ಈಜು:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಹತ್ತಿರ ಗೋಪ್ರೋ ಮಾತ್ರ ಇದೆ. ಕೆಂಪು ಫಿಲ್ಟರ್ ಹಾಕಿದರೆ ಸಾಕು ಅಂತ ಅಂಗಡಿಯವರು ಹೇಳಿದರು. ಹೌದಾ?

ಬೆಳಕಿನಬೇಟೆ:

ಕೆಂಪು ಫಿಲ್ಟರ್ ಕೆಂಪು ಬಣ್ಣ ಕೊಡುವುದಿಲ್ಲ. ನೀಲಿ, ಹಸಿರನ್ನು ತಡೆದು ಇರುವ ಚೂರು ಕೆಂಪಿಗೆ ಜಾಗ ಮಾಡುತ್ತದೆ ಅಷ್ಟೇ. ಹಾಗಾಗಿ ಒಟ್ಟು ಬೆಳಕು ಕಡಿಮೆ ಆಗುತ್ತದೆ. ಬಿಸಿಲು ಚೆನ್ನಾಗಿ ಬೆನ್ನ ಹಿಂದೆ ಇರಬೇಕು. ಸುಮಾರು 5ರಿಂದ 15 ಮೀಟರ್ ಆಳದಲ್ಲಿ, ನೀಲಿ ನೀರಿನಲ್ಲಿ ಕೆಲಸ ಮಾಡುತ್ತದೆ. ಅಂಡಮಾನಿಗೆ ಸರಿ. ನೇತ್ರಾಣಿಯಲ್ಲಿ ನೀರು ಹಸಿರಾಗಿದ್ದ ದಿನ ಕೆಂಪಿಗಿಂತ ಮಜೆಂಟಾ ಫಿಲ್ಟರ್ ವಾಸಿ. ಕೈಯಲ್ಲಿ ಲೈಟ್ ಅಥವಾ ಸ್ಟ್ರೋಬ್ ಇದ್ದರೆ ಫಿಲ್ಟರ್ ತೆಗೆದಿಡಿ. ಎರಡೂ ಸೇರಿದರೆ ಹತ್ತಿರದ್ದೆಲ್ಲಾ ಕೆಂಪು ಕೆಂಪಾಗುತ್ತದೆ.

ಹಾಗೇ, ಹೀರೋ 5ರಿಂದ ಈಚೆಗಿನ ಬಹುತೇಕ ಗೋಪ್ರೋಗಳು ಹೌಸಿಂಗ್ ಇಲ್ಲದೆ 10 ಮೀಟರ್‌ಗೆ ಮಾತ್ರ. ಸ್ಕೂಬಾಗೆ 60 ಮೀಟರ್‌ನ ಹೌಸಿಂಗ್ ಬೇಕೇ ಬೇಕು. ಟಿಜಿ-6 ಕೂಡ ಬರೀ ಮೈಯಲ್ಲಿ 15 ಮೀಟರ್, ಹೌಸಿಂಗ್ ಹಾಕಿದರೆ 45.

ಸಣ್ಣಜೀವಿ (ಮೈಸೂರು):

ಕಡಲಾಚೆಯವರೇ, ನಿಮ್ಮ ಕೈಯಲ್ಲಿರುವ ಕ್ಯಾಮೆರಾದ ಅರ್ಧ ಶಕ್ತಿಯನ್ನೂ ನೀವಿನ್ನೂ ಬಳಸಿಲ್ಲ. ಟಿಜಿ-6ರ ಮೈಕ್ರೋಸ್ಕೋಪ್ ಮೋಡ್ ಲೆನ್ಸ್‌ನಿಂದ ಒಂದು ಸೆಂಟಿಮೀಟರ್ ದೂರದವರೆಗೂ ಫೋಕಸ್ ಮಾಡುತ್ತದೆ. ದೊಡ್ಡ ಕ್ಯಾಮೆರಾದಲ್ಲಿ ಇದಕ್ಕೆ ಬೇರೆ ಮ್ಯಾಕ್ರೋ ಲೆನ್ಸ್, ಅದಕ್ಕೆ ಬೇರೆ ಪೋರ್ಟ್ (ಹೌಸಿಂಗ್‌ನಲ್ಲಿ ಲೆನ್ಸ್ ಮುಂದಿನ ಗಾಜಿನ ಭಾಗ) ಬೇಕು.

ನೀರು ಮಬ್ಬಾಗಿದ್ದ ದಿನ ಎಲ್ಲರೂ ಬೇಜಾರು ಮಾಡಿಕೊಳ್ಳುತ್ತಾರೆ. ನಾನು ಅವತ್ತು ಸಣ್ಣ ಜೀವಿಗಳ ಹಿಂದೆ ಹೋಗುತ್ತೇನೆ. ನಡುವೆ ಹತ್ತು ಸೆಂಟಿಮೀಟರ್ ನೀರು ಮಾತ್ರ ಇರುವಾಗ ಅದು ಮಬ್ಬಾಗಿದ್ದರೂ ಅಷ್ಟು ಅಡ್ಡಿ ಆಗುವುದಿಲ್ಲ.

ನ್ಯುಡಿಬ್ರಾಂಕ್‌ಗಳಿಂದ ಶುರು ಮಾಡಿ. ಚಿಪ್ಪಿಲ್ಲದ ಕಡಲ ಬಸವನಹುಳುಗಳು, ಬೆರಳಿನ ಉಗುರಿನಷ್ಟು ಇರುವುದೂ ಉಂಟು. ಓಡಿಹೋಗುವುದಿಲ್ಲ, ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ವಿದ್ಯಾರ್ಥಿಮಿತ್ರ ಇಲ್ಲ. ತಲೆ ಮೇಲೆ ಎರಡು ಕೊಂಬು ಇರುತ್ತವೆ, ವಾಸನೆ ಹಿಡಿಯುವುದು ಅವುಗಳಿಂದ. ಫೋಕಸ್ ಆ ಕೊಂಬಿನ ಮೇಲೆ ಇರಬೇಕು. ಹತ್ತಿರದಿಂದ ನೋಡಿದರೆ ಕೊಂಬಿನ ಸುತ್ತ ಸಣ್ಣ ಸಣ್ಣ ಮಡಿಕೆಗಳು ಕಾಣುತ್ತವೆ. ಅವು ಎಣಿಸುವಷ್ಟು ಸ್ಪಷ್ಟವಾಗಿ ಬಂದರೆ ಫೋಕಸ್ ಸರಿ ಇದೆ ಅಂತ. ಡೋರಿಡ್ ಗುಂಪಿನವಕ್ಕೆ ಬೆನ್ನ ಹಿಂಭಾಗದಲ್ಲಿ ಹೂವಿನ ಹಾಗೆ ಕಿವಿರು ಅರಳಿರುತ್ತದೆ. ನೀವು ಅಲುಗಾಡಿಸಿದರೆ, ನೀರು ಚಿಮ್ಮಿಸಿದರೆ ಅದು ಸರಕ್ಕನೆ ಒಳಗೆ ಸೇರಿಕೊಳ್ಳುತ್ತದೆ. ಹಾಗೆ ಸೇರಿಕೊಂಡಿತು ಅಂದರೆ ನೀವು ಅದಕ್ಕೆ ತೊಂದರೆ ಕೊಟ್ಟಿದ್ದೀರಿ ಅಂತಲೇ ಅರ್ಥ. ಹಿಂದೆ ಸರಿದುಬಿಡಿ.

ಮೇಲಿನಿಂದ ಕೆಳಕ್ಕೆ ತೆಗೆಯಬೇಡಿ. ಅದರ ಮಟ್ಟಕ್ಕೆ ಇಳಿಯಿರಿ, ಸಾಧ್ಯವಾದರೆ ಇನ್ನೂ ಸ್ವಲ್ಪ ಕೆಳಗೆ. ಆಗ ಹಿಂದೆ ಬಂಡೆಯ ಬದಲು ನೀರು ಬರುತ್ತದೆ. ಇಷ್ಟು ಹತ್ತಿರದಲ್ಲಿ ಫೋಕಸ್ ಆಗುವ ಪದರ ಬಹಳ ತೆಳು. ಹಾಗಾಗಿ ಫೋಕಸ್ ಲಾಕ್ ಮಾಡಿ, ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡುತ್ತಾ ಕೊಂಬು ಚೂಪಾದ ಕ್ಷಣಕ್ಕೆ ಒತ್ತಿ. ಉಪ್ಪುನೀರು ಅವರು ಹೇಳಿದ ಬೋಯನ್ಸಿ ಇಲ್ಲೇ ಬೇಕಾಗುವುದು.

ಮಸ್ಕತ್_ಮಂಗಳೂರು:

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಇಲ್ಲಿ ಒಮಾನಿನ ದೈಮಾನಿಯತ್ ದ್ವೀಪಗಳಲ್ಲಿ ನಾನು ಜಾಸ್ತಿ ಇಳಿಯುತ್ತೇನೆ. ಕಡಲಾಮೆ, ವೇಲ್ ಶಾರ್ಕ್, ಮೀನಿನ ದೊಡ್ಡ ಹಿಂಡು. ಇವುಗಳಿಗೆ ಟಿಜಿ-6 ಸಾಲುವುದಿಲ್ಲ. ಫೋಕಸ್ ನಿಧಾನ. ಎಲ್ಲಕ್ಕಿಂತ ದೊಡ್ಡ ಕೊರತೆ ಅಂದರೆ ಪೂರ್ತಿ ಮ್ಯಾನುಯಲ್ ಮೋಡ್ ಇಲ್ಲ, ಶಟರ್ ವೇಗ (ಬೆಳಕು ಒಳಗೆ ಬೀಳುವ ಹೊತ್ತು) ನಮ್ಮ ಕೈಯಲ್ಲಿಲ್ಲ. ಎರಡು ವರ್ಷದಲ್ಲಿ ಹೇಗೂ ಮಿರರ್‌ಲೆಸ್‌ಗೆ ಹೋಗುತ್ತೀರಿ, ಈಗಲೇ ಹೋಗಿ.

ಸ್ಟ್ರೋಬ್ ಬದಲು ಎರಡು ವಿಡಿಯೋ ಲೈಟ್ ತಗೊಳ್ಳಿ ಅನ್ನುವುದು ನನ್ನ ಅಭಿಪ್ರಾಯ. ಬೆಳಕು ಎಲ್ಲಿ ಬೀಳುತ್ತಿದೆ ಅಂತ ಕ್ಲಿಕ್ ಮಾಡುವ ಮೊದಲೇ ಕಣ್ಣಿಗೆ ಕಾಣುತ್ತದೆ. ವಿಡಿಯೋಗೂ ಆಗುತ್ತದೆ. ಫೈಬರ್ ಕೇಬಲ್ ತಲೆನೋವು ಇಲ್ಲ.

ಬೆಳಕಿನಬೇಟೆ:

ಶಟರ್ ವೇಗದ ಮಾತು ಒಪ್ಪುತ್ತೇನೆ. ಅದು ನಿಜವಾದ ಕೊರತೆ. ಸ್ಟ್ರೋಬ್ ಹೊಡೆದಾಗ ಹತ್ತಿರದ ಮೀನಿನ ಬೆಳಕನ್ನು ಅಪರ್ಚರ್ (ಲೆನ್ಸ್ ಒಳಗಿನ ಕಿಂಡಿಯ ಅಗಲ) ಮತ್ತು ಸ್ಟ್ರೋಬ್ ಶಕ್ತಿ ತೀರ್ಮಾನಿಸುತ್ತವೆ. ಹಿಂದಿನ ನೀಲಿ ನೀರು ಎಷ್ಟು ಗಾಢವಾಗಿರಬೇಕು ಅನ್ನುವುದನ್ನು ಶಟರ್ ವೇಗ ತೀರ್ಮಾನಿಸುತ್ತದೆ. ಇವೆರಡನ್ನೂ ಬೇರೆ ಬೇರೆ ಆಡಿಸುವುದೇ ಈ ಕಲೆಯ ತಿರುಳು. ಟಿಜಿ-6ರಲ್ಲಿ ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಫೋಟೋವನ್ನು ಬೆಳಗು ಅಥವಾ ಕಪ್ಪು ಮಾಡುವ ಸೆಟ್ಟಿಂಗ್) ಮೈನಸ್‌ಗೆ ಇಳಿಸಿ ಸ್ವಲ್ಪ ಮಟ್ಟಿಗೆ ನಿಭಾಯಿಸಬಹುದು, ಪೂರ್ತಿ ಅಲ್ಲ.

ಆದರೂ ಈಗಲೇ ಹೋಗಿ ಅನ್ನುವುದು ಒಪ್ಪಲಾರೆ. ಒಂದೂವರೆ ಲಕ್ಷದಲ್ಲಿ ಕ್ಯಾಮೆರಾ, ಹೌಸಿಂಗ್, ಪೋರ್ಟ್ ಬಂದರೆ ಲೈಟಿಗೆ ಏನೂ ಉಳಿಯುವುದಿಲ್ಲ. ಲೈಟ್ ಇಲ್ಲದ ಮಿರರ್‌ಲೆಸ್ ಅದೇ ಬೂದಿ ಹಸಿರು ಗಿಳಿಮೀನನ್ನು ಇನ್ನೂ ಜಾಸ್ತಿ ಮೆಗಾಪಿಕ್ಸೆಲ್‌ನಲ್ಲಿ ಕೊಡುತ್ತದೆ. ಅಲ್ಯೂಮಿನಿಯಂ ಹೌಸಿಂಗ್‌ಗಳು ಎಷ್ಟೋ ಸಲ ಕ್ಯಾಮೆರಾ ಬೆಲೆಯನ್ನೇ ಮೀರುತ್ತವೆ. ಪಾಲಿಕಾರ್ಬೊನೇಟ್ ಹೌಸಿಂಗ್ ಅಗ್ಗ, ಆದರೆ ಆಳದ ಮಿತಿ ಕಡಿಮೆ.

ವಿಡಿಯೋ ಲೈಟ್ ಬಗ್ಗೆ. ಸ್ಟ್ರೋಬ್ ತನ್ನಲ್ಲಿರುವ ಶಕ್ತಿಯನ್ನೆಲ್ಲಾ ಸೆಕೆಂಡಿನ ಸಣ್ಣ ಚೂರಿನಲ್ಲಿ ಸುರಿಯುತ್ತದೆ. ಹಗಲು ಹೊತ್ತಿನ ಬೆಳಕನ್ನು ಮೀರಿಸುವ ಬಲ ಅದಕ್ಕಿದೆ, ಈಜುವ ಮೀನನ್ನು ಚೂಪಾಗಿ ಹಿಡಿದು ನಿಲ್ಲಿಸುತ್ತದೆ. ಕೆಲವು ಸಾವಿರ ಲ್ಯೂಮೆನ್‌ನ ಲೈಟು ಒಂದು ಮೀಟರ್ ಆಚೆಗೆ ಹಗಲಿನಲ್ಲಿ ಇದ್ದೂ ಇಲ್ಲದ ಹಾಗೆ. ಮ್ಯಾಕ್ರೋಗೆ ಲೈಟ್ ಖಂಡಿತ ಆಗುತ್ತದೆ, ರಾತ್ರಿ ಡೈವಿಗೂ ಆಗುತ್ತದೆ. ಆದರೆ ಸ್ಟ್ರೋಬ್‌ನ ಮಿಂಚನ್ನು ಸಹಿಸುವ ಸೀಗಡಿ, ನಿಲ್ಲದೆ ಉರಿಯುವ ಲೈಟಿಗೆ ಬಿಲ ಸೇರಿಬಿಡುತ್ತದೆ.

ವೇಲ್ ಶಾರ್ಕ್‌ಗೆ ಎರಡೂ ಬೇಡ ಅಲ್ವಾ? ಅದು ಮೇಲ್ಮೈ ಹತ್ತಿರ ಬರುವ ಪ್ರಾಣಿ. ಬಿಸಿಲೇ ಸಾಕು, ಫ್ಲ್ಯಾಶ್ ಹೊಡೆಯಲೂಬಾರದು.

ಮಸ್ಕತ್_ಮಂಗಳೂರು:

ವೇಲ್ ಶಾರ್ಕ್‌ಗೆ ಲೈಟ್ ಬೇಡ, ಅದು ಸರಿ. ನಾನೂ ಬರೀ ಬಿಸಿಲಲ್ಲೇ ತೆಗೆಯುವುದು. ಬಜೆಟ್ ಲೆಕ್ಕವೂ ಸರಿ ಇದೆ, ಒಪ್ಪಿಕೊಂಡೆ. ವಿಡಿಯೋ ಮಾಡುವ ಆಸೆ ಇರುವವರಿಗೆ ಮಾತ್ರ ಲೈಟ್ ಮೊದಲು ಅನ್ನುವುದನ್ನು ಬಿಡುವುದಿಲ್ಲ.

ಕಡಲಾಚೆ:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಎಲ್ಲರಿಗೂ ಧನ್ಯವಾದ. ವಿಡಿಯೋ ನನಗೆ ಬೇಡ, ಫೋಟೋನೇ ಬೇಕು. ಹಾಗಾದರೆ ಸ್ಟ್ರೋಬ್.

ಮೂರು ಪ್ರಶ್ನೆ. ತೋಳನ್ನು ಎಲ್ಲಿಟ್ಟುಕೊಳ್ಳಬೇಕು? ಸೆಕೆಂಡ್ ಹ್ಯಾಂಡ್ ಸ್ಟ್ರೋಬ್ ನಂಬಬಹುದಾ? ವೈಡ್ ವೆಟ್ ಲೆನ್ಸ್ ನಿಜವಾಗಿ ಅಷ್ಟು ಮುಖ್ಯವಾ?

ಬೆಳಕಿನಬೇಟೆ:

ಕೊನೆಯ ಪ್ರಶ್ನೆ ಮೊದಲು. ಹತ್ತಿರ ಹೋಗಬೇಕು ಅಂತ ಇಲ್ಲಿ ಎಲ್ಲರೂ ಹೇಳುತ್ತಿದ್ದೇವೆ. ಹತ್ತಿರ ಹೋದರೆ ದೊಡ್ಡ ಮೀನು ಚೌಕಟ್ಟಿನಲ್ಲಿ ಹಿಡಿಸುವುದಿಲ್ಲ. ನೀರಿನ ಗುಣವೂ ಇದಕ್ಕೆ ಸೇರಿಕೊಳ್ಳುತ್ತದೆ. ನೀರಿನ ವಕ್ರೀಭವನ ಸೂಚ್ಯಂಕ 1.33. ಹಾಗಾಗಿ ಚಪ್ಪಟೆ ಗಾಜಿನ ಹಿಂದಿನಿಂದ ನೋಡಿದಾಗ ಎಲ್ಲಾ ಮೂರನೇ ಒಂದರಷ್ಟು ದೊಡ್ಡದಾಗಿ, ಕಾಲು ಭಾಗ ಹತ್ತಿರ ಇರುವ ಹಾಗೆ ಕಾಣುತ್ತದೆ. ಮಾಸ್ಕ್ ಹಾಕಿದಾಗ ನಿಮ್ಮ ಕೈಯೇ ದಪ್ಪ ಕಾಣುವುದು ಇದಕ್ಕೇ. ಕ್ಯಾಮೆರಾಕ್ಕೂ ಹಾಗೇ, ವೈಡ್ ಅಂತ ಕೊಟ್ಟಿದ್ದು ನೀರಿನಲ್ಲಿ ಕಿರಿದಾಗುತ್ತದೆ. ವೆಟ್ ಲೆನ್ಸ್ ಅಥವಾ ಡೋಮ್ (ಗುಮ್ಮಟದ ಆಕಾರದ ಪೋರ್ಟ್) ಆ ಅಗಲವನ್ನು ವಾಪಸ್ ಕೊಡುತ್ತದೆ. ಆಗ ಅರ್ಧ ಮೀಟರ್‌ನಿಂದಲೇ ಇಡೀ ಬಂಡೆ, ಅದರ ಮೇಲಿನ ಹವಳ, ಹಿಂದೆ ಬಡ್ಡಿ (ಜೊತೆಗೆ ಇಳಿದ ಡೈವರ್), ಮೇಲೆ ಸೂರ್ಯ ಎಲ್ಲವನ್ನೂ ಸೇರಿಸಬಹುದು. ವೆಟ್ ಲೆನ್ಸ್ ಹಾಕಿದ ತಕ್ಷಣ ನೀರೊಳಗೆ ಒಮ್ಮೆ ಬಿಚ್ಚಿ ಮತ್ತೆ ಹಾಕಿ, ಮಧ್ಯೆ ಸಿಕ್ಕಿದ ಗಾಳಿಗುಳ್ಳೆ ಹೋಗುತ್ತದೆ.

ಮುಂದೆ ದೊಡ್ಡ ಕ್ಯಾಮೆರಾಕ್ಕೆ ಹೋದಾಗ ಒಂದು ನೆನಪಿಡಿ. ಡೋಮ್ ಗಾಜು ನೀರಿನಲ್ಲಿ ತಾನೇ ಒಂದು ಲೆನ್ಸ್ ಆಗಿ, ದೂರದ ದೃಶ್ಯವನ್ನೂ ಡೋಮ್‌ನ ಮುಂದೆ ಸ್ವಲ್ಪ ದೂರದಲ್ಲೇ ತೋರಿಸುತ್ತದೆ. ಕ್ಯಾಮೆರಾ ಫೋಕಸ್ ಮಾಡಬೇಕಾದದ್ದು ಅಲ್ಲಿಗೆ. ಹತ್ತಿರ ಫೋಕಸ್ ಆಗದ ಲೆನ್ಸ್ ಡೋಮ್ ಹಿಂದೆ ಕೆಲಸಕ್ಕೆ ಬರುವುದಿಲ್ಲ. ಮೂಲೆಗಳು ಮಸುಕಾಗಬಾರದು ಅಂದರೆ ಎಫ್ 8, ಎಫ್ 11 ಹೀಗೆ ಅಪರ್ಚರ್ ಕಿರಿದು ಮಾಡಬೇಕು. ಮತ್ತೆ ಆ ಕಿರಿದಾದ ಅಪರ್ಚರ್‌ಗೆ ಸ್ಟ್ರೋಬ್ ಬೇಕು. ಎಲ್ಲಿ ಸುತ್ತಿ ಬಂದರೂ ಬೆಳಕಿಗೇ ಬರುತ್ತೇವೆ.

ತೋಳು. ಸ್ಟ್ರೋಬ್‌ನ ಮುಖ ಪೋರ್ಟ್‌ಗಿಂತ ಹಿಂದೆ ಇರಲಿ, ಕ್ಯಾಮೆರಾದಿಂದ ಪಕ್ಕಕ್ಕೆ, ಸ್ವಲ್ಪ ಮೇಲೆ. ನೇರವಾಗಿ ಮೀನಿಗೆ ಗುರಿ ಇಡಬೇಡಿ, ಸ್ವಲ್ಪ ಹೊರಕ್ಕೆ ತಿರುಗಿಸಿ. ಸ್ಟ್ರೋಬ್‌ನ ಬೆಳಕು ಶಂಕುವಿನ ಆಕಾರದಲ್ಲಿ ಹರಡುತ್ತದೆ. ಆ ಶಂಕುವಿನ ಅಂಚು ಮಾತ್ರ ಮೀನನ್ನು ಮುಟ್ಟಬೇಕು. ಲೆನ್ಸ್‌ಗೂ ಮೀನಿಗೂ ನಡುವೆ ಇರುವ ನೀರು ಕತ್ತಲಲ್ಲೇ ಉಳಿಯಬೇಕು. ಬೆಳಗದ ಕಣ ಫೋಟೋದಲ್ಲಿ ಬರುವುದಿಲ್ಲ. ಮೀನು ಹತ್ತಿರ ಬಂದಷ್ಟೂ ತೋಳು ಒಳಕ್ಕೆ ಎಳೆದುಕೊಳ್ಳಿ, ದೂರ ಹೋದಷ್ಟೂ ಹೊರಕ್ಕೆ. ಒಂದೂವರೆ ಮೀಟರ್ ಆಚೆಗೆ ಸ್ಟ್ರೋಬ್ ಹೊಡೆಯುವ ಆಸೆಯನ್ನೇ ಬಿಟ್ಟುಬಿಡಿ. ಕ್ಯಾಮೆರಾದ ಫ್ಲ್ಯಾಶ್ ಮಿಂಚನ್ನು ಫೈಬರ್ ಕೇಬಲ್ ಸ್ಟ್ರೋಬ್‌ಗೆ ಮುಟ್ಟಿಸುತ್ತದೆ, ಆದರೆ ಅದೇ ಫ್ಲ್ಯಾಶ್‌ನ ಬೆಳಕು ಮುಂದಕ್ಕೆ ಹೋಗದ ಹಾಗೆ ಹೌಸಿಂಗ್ ಮೇಲೆ ಮುಚ್ಚಿ. ಇಲ್ಲದಿದ್ದರೆ ಹಳೆಯ ಚುಕ್ಕೆಗಳು ಮತ್ತೆ ಬರುತ್ತವೆ.

ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದು. ಬ್ಯಾಟರಿ ಹಾಕುವ ಜಾಗ ತೆರೆದು ನೋಡಿ. ಸ್ಪ್ರಿಂಗ್ ಮೇಲೆ ಹಸಿರೋ ಬಿಳಿಯೋ ಪುಡಿ ಕಂಡರೆ ನೀರು ಹೊಕ್ಕಿರಬಹುದು, ಇಲ್ಲಾ ಸೆಲ್ ಸೋರಿರಬಹುದು, ಬೇಡ. ಪೂರ್ತಿ ಶಕ್ತಿಯಲ್ಲಿ ಹತ್ತಾರು ಸಲ ಮಿಂಚಿಸಿ, ಮತ್ತೆ ಚಾರ್ಜ್ ಆಗಲು ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ.

ಉಪ್ಪುನೀರು (ಮುರ್ಡೇಶ್ವರ):

ಓ-ರಿಂಗ್ (ಹೌಸಿಂಗ್‌ಗೆ ನೀರು ನುಗ್ಗದ ಹಾಗೆ ತಡೆಯುವ ರಬ್ಬರ್ ಬಳೆ) ಬಗ್ಗೆ ಯಾರೂ ಬರೆದಿಲ್ಲ. ನಾನೇ ಬರೆಯುತ್ತೇನೆ.

ಹೌಸಿಂಗ್‌ನಲ್ಲಿ ನೀರು ಹೊಕ್ಕಿದಾಗ ಬಿಚ್ಚಿ ನೋಡಿದರೆ ಹೆಚ್ಚಿನ ಸಲ ಸಿಗುವುದು ಒಂದು ತಲೆಕೂದಲು, ಒಂದು ಮರಳ ಕಾಳು, ಇಲ್ಲಾ ಟವೆಲಿನ ಒಂದು ನೂಲು. ರಾತ್ರಿಯೇ ರೂಮಿನಲ್ಲಿ ಒಳ್ಳೆಯ ಬೆಳಕಿನಲ್ಲಿ ಕೂತು ರೆಡಿ ಮಾಡಿ. ರಿಂಗ್ ತೆಗೆಯಲು ಚೂಪಾದ ಲೋಹ ಬಳಸಬೇಡಿ. ಬೆರಳ ತುದಿಯಲ್ಲಿ ಇಡೀ ರಿಂಗ್ ಸವರಿ ನೋಡಿ, ಕಣ್ಣಿಗೆ ಕಾಣದ ಕಾಳು ಬೆರಳಿಗೆ ಸಿಗುತ್ತದೆ. ಗ್ರೀಸ್ ಹೌಸಿಂಗ್ ಕಂಪನಿಯದ್ದೇ ಹಾಕಿ, ಬೇರೆ ಗ್ರೀಸಿಗೆ ಕೆಲವು ರಿಂಗ್ ಉಬ್ಬುತ್ತವೆ. ರಿಂಗ್ ಹೊಳೆದರೆ ಸಾಕು, ಮೆತ್ತಬೇಕಾಗಿಲ್ಲ. ಜಾಸ್ತಿ ಗ್ರೀಸ್ ಮರಳನ್ನೇ ಕರೆದು ಅಂಟಿಸಿಕೊಳ್ಳುತ್ತದೆ.

ದಡದಿಂದ ನೇತ್ರಾಣಿಗೆ ಸುಮಾರು 19 ಕಿಲೋಮೀಟರ್. ದಾರಿಯುದ್ದಕ್ಕೂ ಉಪ್ಪುನೀರು ಹಾರುತ್ತಲೇ ಇರುತ್ತದೆ. ದೋಣಿ ಮೇಲೆ ಹೌಸಿಂಗ್ ತೆರೆಯುವ ಕೆಲಸ ಬೇಡವೇ ಬೇಡ. ಬ್ಯಾಟರಿ, ಕಾರ್ಡ್ ಎರಡೂ ಡೈವ್‌ಗೆ ಸಾಲುವ ಹಾಗೆ ಇಟ್ಟುಕೊಳ್ಳಿ. ನಮ್ಮ ಕರಾವಳಿಯ ಗಾಳಿಯಲ್ಲಿ ತೇವ ಜಾಸ್ತಿ, ಒಳಗೆ ಸಿಕ್ಕಿದ ತೇವ ತಣ್ಣನೆ ನೀರಿನಲ್ಲಿ ಗಾಜಿಗೆ ಮಂಜು ಹಿಡಿಸುತ್ತದೆ. ಸಿಲಿಕಾ ಜೆಲ್‌ನ ಒಂದು ಸಣ್ಣ ಪೊಟ್ಟಣ ಒಳಗಿಡಿ, ಆದರೆ ಅದು ರಿಂಗ್ ಮೇಲೆ ಸಿಕ್ಕಿಕೊಳ್ಳದ ಹಾಗೆ. ಹೌಸಿಂಗ್ ಹೊಸದಾದರೆ ಮೊದಲ ಡೈವ್ ಕ್ಯಾಮೆರಾ ಇಲ್ಲದೆ, ಒಳಗೆ ಟಿಶ್ಯೂ ಪೇಪರ್ ಇಟ್ಟು ಮಾಡಿ. ಪೇಪರ್ ಒಣಗಿದ್ದರೆ ಮಾತ್ರ ಕ್ಯಾಮೆರಾ.

ನೀರೊಳಗೆ ಹೌಸಿಂಗ್ ಸೋರುವುದು ಕಂಡರೆ ಗಾಜು ಕೆಳಮುಖ ಮಾಡಿ ಹಿಡಿಯಿರಿ, ನೀರು ಪೋರ್ಟ್ ಕಡೆ ನಿಲ್ಲಲಿ. ಬಡ್ಡಿಗೆ ಸನ್ನೆ ಮಾಡಿ, ಯಾವಾಗಿನ ವೇಗದಲ್ಲೇ ಮೇಲೆ ಬನ್ನಿ, ಸೇಫ್ಟಿ ಸ್ಟಾಪ್ ತಪ್ಪಿಸಬೇಡಿ. ಕ್ಯಾಮೆರಾ ಇನ್ನೊಂದು ಬರುತ್ತದೆ. ಮೇಲೆ ಬಂದ ಮೇಲೆ ಬ್ಯಾಟರಿ ತಕ್ಷಣ ತೆಗೆಯಿರಿ.

ಡೈವ್ ಮುಗಿದ ಮೇಲೆ ಸಿಹಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ನೀರೊಳಗೇ ಎಲ್ಲಾ ಬಟನ್ ಒತ್ತಿ. ಒಣಗಿದ ಉಪ್ಪು ಬಟನ್ ಒಳಗೆ ಗಟ್ಟಿಯಾದರೆ ಮುಂದಿನ ಡೈವಿನಲ್ಲಿ ಅಲ್ಲಿಂದಲೇ ಸೋರುತ್ತದೆ. ಎಲ್ಲರ ಮಾಸ್ಕ್, ಬೂಟು ಮುಳುಗಿಸುವ ಡ್ರಮ್ಮಿನಲ್ಲಿ ಮಾತ್ರ ಹಾಕಬೇಡಿ. ಬೇರೆಯವರ ತೂಕದ ಬೆಲ್ಟ್ ಬಿದ್ದರೆ ಗಾಜು ಹೋಯಿತು.

ಸೀಸನ್ ಬಗ್ಗೆಯೂ ಹೇಳಿಬಿಡುತ್ತೇನೆ. ಮಳೆಗಾಲದಲ್ಲಿ ಡೈವ್ ಇಲ್ಲ. ಅಕ್ಟೋಬರ್‌ನಲ್ಲಿ ಶುರುವಾಗುತ್ತದೆ, ಆದರೆ ಆಗ ನೀರು ಇನ್ನೂ ಕಲಕಿರುತ್ತದೆ. ಫೋಟೋಗೆ ಬರುವುದಾದರೆ ಡಿಸೆಂಬರ್‌ನಿಂದ ಫೆಬ್ರವರಿ ನೋಡಿ ಬನ್ನಿ.

ಸಣ್ಣಜೀವಿ (ಮೈಸೂರು):

ಉಪ್ಪುನೀರು ಅವರು ಹವಳ ಹಿಡಿಯುವವರ ಬಗ್ಗೆ ಮೇಲೆ ಬರೆದಿದ್ದರು. ಅದನ್ನು ಇನ್ನೂ ಗಟ್ಟಿಯಾಗಿ ಹೇಳಬೇಕು. ಬಂಡೆ ಕಟ್ಟುವ ಹವಳಗಳು, ಸೀ ಫ್ಯಾನ್‌ಗಳು, ಕಡಲಕುದುರೆಗಳು, ವೇಲ್ ಶಾರ್ಕ್ ಇವೆಲ್ಲಾ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಣೆ ಪಡೆದಿವೆ. ಕಾಡಿನಲ್ಲಿ ಹುಲಿ ಫೋಟೋಗೆ ಜೀಪಿನಿಂದ ಇಳಿಯದ ಜನ ಕಡಲಲ್ಲಿ ಆಮೆಯ ಬೆನ್ನು ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಅಂಥ ಫೋಟೋ ನಮ್ಮ ಗುಂಪಿನಲ್ಲಿ ಯಾರೇ ಹಾಕಿದರೂ ಮೆಚ್ಚಬೇಡಿ ಅಂತ ಕೇಳಿಕೊಳ್ಳುತ್ತೇನೆ. ಒಳ್ಳೆಯ ಜಾಗಕ್ಕೆ ಸರಿಸಲು ಅಂತ ಜೀವಿಯನ್ನು ಕಡ್ಡಿಯಿಂದ ತಳ್ಳುವುದು, ಹೊರಗೆ ಬರಲಿ ಅಂತ ತಿಂಡಿ ಹಾಕುವುದು, ಇವೂ ಅಷ್ಟೇ ತಪ್ಪು. ಒಂದು ಜೀವಿಗೆ ನಾಲ್ಕೈದು ಮಿಂಚು ಸಾಕು. ಸಿಗಲಿಲ್ಲ ಅಂದರೆ ಬಿಟ್ಟು ಮುಂದೆ ಹೋಗಬೇಕು.

ಹೊಸ_ಈಜು:

ರಾ ಫೈಲ್‌ನಲ್ಲಿ (ಕ್ಯಾಮೆರಾ ತಾನೇ ತಿದ್ದದೆ ಉಳಿಸುವ ಫೈಲ್) ತೆಗೆದರೆ ಮನೆಗೆ ಬಂದು ಬಣ್ಣ ಸರಿ ಮಾಡಬಹುದಂತೆ. ಹಾಗಾದರೆ ಸ್ಟ್ರೋಬ್ ಯಾಕೆ?

ಬೆಳಕಿನಬೇಟೆ:

ರಾ ತೆಗೆಯಿರಿ, ಖಂಡಿತ. ಟಿಜಿ-6ರಲ್ಲೂ ಇದೆ. ವೈಟ್ ಬ್ಯಾಲೆನ್ಸ್ (ಬಣ್ಣಗಳ ಹದ) ಆಮೇಲೆ ಬದಲಿಸಬಹುದು. ಡಾರ್ಕ್‌ಟೇಬಲ್ ಅನ್ನುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಕೆಲಸಕ್ಕೆ ಸಾಕು. ಆದರೆ ಇರುವ ಕೆಂಪನ್ನು ಹೆಚ್ಚಿಸಬಹುದೇ ಹೊರತು ಇಲ್ಲದ ಕೆಂಪನ್ನು ತರಲಾಗುವುದಿಲ್ಲ. 15 ಮೀಟರ್ ಆಳದ ಫೋಟೋದಲ್ಲಿ ಕೆಂಪಿನ ಸ್ಲೈಡರ್ ಎಳೆದರೆ ಬರುವುದು ಬಣ್ಣವಲ್ಲ, ಕಾಳು ಕಾಳಾದ ನಾಯ್ಸ್.

ಕಡಲಾಚೆ:

ವಾಪಸ್ ಬಂದು ಬರೆಯುತ್ತಿದ್ದೇನೆ. ಸೆಕೆಂಡ್ ಹ್ಯಾಂಡ್ ಸ್ಟ್ರೋಬ್ ಒಂದು, ಟ್ರೇ, ಎರಡು ತುಂಡಿನ ತೋಳು, ಫೈಬರ್ ಕೇಬಲ್ ತಗೊಂಡೆ. ಉಳಿದ ದುಡ್ಡಲ್ಲಿ ಬೋಯನ್ಸಿ ಕೋರ್ಸ್ ಮಾಡಿದೆ. ತೂಕ ಎರಡು ಕಿಲೋ ಇಳಿಯಿತು! ಬೆಂಗಳೂರಿನ ಈಜುಕೊಳದಲ್ಲಿ ಪ್ಲಾಸ್ಟಿಕ್ ಆಮೆಯೊಂದನ್ನು ತಳದಲ್ಲಿಟ್ಟು ತೋಳು ಹೇಗೆ ತಿರುಗಿಸಿದರೆ ನೆರಳು ಎಲ್ಲಿ ಬೀಳುತ್ತದೆ ಅಂತ ಅಭ್ಯಾಸ ಮಾಡಿದೆ.

ಜನವರಿಯಲ್ಲಿ ನೇತ್ರಾಣಿಗೆ ಹೋದೆ. ಹೊಸ ಫೋಟೋ ಹಾಕಿದ್ದೇನೆ. ಬಂಡೆಯ ಚಾಚಿನ ಕೆಳಗೆ ಕಣ್ಣಿಗೆ ಕಪ್ಪಾಗಿ ಕಂಡ ಒಂದು ಗೊಂಚಲು ಇತ್ತು. ಸ್ಟ್ರೋಬ್ ಹೊಡೆದ ಮೇಲೆ ಸ್ಕ್ರೀನ್ ನೋಡಿದರೆ ಅಚ್ಚ ಕಿತ್ತಳೆ ಬಣ್ಣದ ಹವಳ, ಒಂದೊಂದು ಬಟ್ಟಲಿನ ಬಾಯಿ ಸುತ್ತ ಹಳದಿ ಎಳೆಗಳು ಚಾಚಿಕೊಂಡಿವೆ. ಅಲ್ಲಿಗೆ ಎಷ್ಟು ಸಲ ಹೋಗಿದ್ದರೂ ಅಲ್ಲಿ ಆ ಬಣ್ಣ ಇದೆ ಅಂತಲೇ ಗೊತ್ತಿರಲಿಲ್ಲ. ಚುಕ್ಕೆ ಎಡಗಡೆ ಮೂಲೆಯಲ್ಲಿ ಇನ್ನೂ ಸ್ವಲ್ಪ ಇದೆ.

ಮುಂದಿನ ತಿಂಗಳು ಹ್ಯಾವ್‌ಲಾಕ್. ವಿಮಾನದಲ್ಲಿ ಬ್ಯಾಟರಿ ಹೇಗೆ? ಯಾವ ಜಾಗದಿಂದ ಶುರು ಮಾಡಲಿ?

ಬೆಳಕಿನಬೇಟೆ:

ಬಣ್ಣ ಚೆನ್ನಾಗಿ ಬಂದಿದೆ! ಎಡಮೂಲೆಯ ಚುಕ್ಕೆಗೆ ಸ್ಟ್ರೋಬನ್ನು ಇನ್ನೂ ಒಂದು ಗೇಣು ಹಿಂದಕ್ಕೆ ಎಳೆಯಿರಿ, ಮುಖ ಸ್ವಲ್ಪ ಹೊರಕ್ಕೆ.

ಸಣ್ಣಜೀವಿ (ಮೈಸೂರು):

ಬಿಡಿ ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು, ಚೆಕ್ ಇನ್ ಬ್ಯಾಗಿಗೆ ಹಾಕುವಂತಿಲ್ಲ. ತುದಿಗಳಿಗೆ ಟೇಪ್ ಅಂಟಿಸಿ. ಸ್ಟ್ರೋಬ್‌ಗೆ ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಡಬಲ್ ಎ ಸೆಲ್ ತಗೊಳ್ಳಿ, ಎರಡು ಸೆಟ್. ಸ್ಟ್ರೋಬ್ ಒಳಗೆ ಸೆಲ್ ಬಿಟ್ಟು ಕಳಿಸಬೇಡಿ. ಹೌಸಿಂಗ್‌ನ ದೊಡ್ಡ ಓ-ರಿಂಗನ್ನು ವಿಮಾನ ಹತ್ತುವ ಮೊದಲು ತೆಗೆದು ಡಬ್ಬಿಯಲ್ಲಿಡಿ. ಗಾಳಿಯ ಒತ್ತಡ ಬದಲಾದಾಗ ಹೌಸಿಂಗ್ ಬಿಗಿದುಕೊಂಡು ತೆರೆಯಲು ಬರದ ಹಾಗೆ ಆಗುತ್ತದೆ.

ವಾಪಸ್ ಬರುವ ವಿಮಾನದ ಲೆಕ್ಕ ಮೊದಲೇ ಹಾಕಿಕೊಳ್ಳಿ. ಹಲವು ಡೈವ್ ಮಾಡಿದವರು ಕೊನೆಯ ಡೈವ್ ಆದ ಮೇಲೆ ಕಡಿಮೆ ಅಂದರೂ 18 ಗಂಟೆ ಬಿಟ್ಟು ವಿಮಾನ ಹತ್ತಬೇಕು. ಹ್ಯಾವ್‌ಲಾಕ್‌ನಿಂದ ಪೋರ್ಟ್ ಬ್ಲೇರ್‌ಗೆ (ಈಗಿನ ಹೆಸರು ಶ್ರೀ ವಿಜಯ ಪುರಂ) ಹಡಗಿನಲ್ಲಿ ಬರುವ ದಿನವನ್ನು ಡೈವ್ ಇಲ್ಲದ ದಿನ ಮಾಡಿಕೊಂಡರೆ ಸರಿಹೋಗುತ್ತದೆ.

ಜಾಗ ಅಂದರೆ, ಮೊದಲ ದಿನ ನೀಮೋ ರೀಫ್‌ಗೆ ಹೋಗಿ. ದಡದಿಂದಲೇ ಇಳಿಯಬಹುದು, ಆಳ ಕಡಿಮೆ, ಸಿಲಿಂಡರಿನ ಗಾಳಿ ಜಾಸ್ತಿ ಹೊತ್ತು ಬರುತ್ತದೆ. ಅಲ್ಲಿನ ಕ್ಲೌನ್‌ಫಿಶ್ ತಾನು ವಾಸಿಸುವ ಅನಿಮೋನ್ (ಹೂವಿನ ಹಾಗೆ ಕಾಣುವ ಕಡಲ ಜೀವಿ) ಬಿಟ್ಟು ದೂರ ಹೋಗುವುದಿಲ್ಲ. ಹಾಗಾಗಿ ಅದರ ಕಣ್ಣಿಗೆ ಫೋಕಸ್ ಹಿಡಿಯುವುದನ್ನು ಸಮಾಧಾನವಾಗಿ ಕಲಿಯಬಹುದು. ಎರಡನೇ ದಿನ ಲೈಟ್‌ಹೌಸ್, ಸಣ್ಣ ಜೀವಿ ಹುಡುಕಲು ನನಗೆ ಇಷ್ಟವಾದ ಜಾಗ. ಡಿಕ್ಸನ್ಸ್ ಪಿನಾಕಲ್ ಕೊನೆಗೆ ಇಟ್ಟುಕೊಳ್ಳಿ. ಅಲ್ಲಿ ಆಳ ಜಾಸ್ತಿ, ಸೆಳೆತವೂ ಇರುತ್ತದೆ. ಇಳಿಯುವಾಗ ತೋಳು ಮಡಚಿ ಎದೆಗೆ ಹತ್ತಿರ ಹಿಡಿದುಕೊಳ್ಳಿ, ಇಲ್ಲದಿದ್ದರೆ ನೀರು ಕ್ಯಾಮೆರಾವನ್ನು ಪಕ್ಕಕ್ಕೆ ಎಳೆಯುತ್ತಲೇ ಇರುತ್ತದೆ. ಕೆಳಗೆ ತಲುಪಿದ ಮೇಲೆ ಬಂಡೆಯ ಮರೆಗೆ ಬಂದು ತೋಳು ಬಿಚ್ಚಿ.